ತೋಳಿನ ಪಟ್ಟಿ, ತೆರೆಯ ಮೇಲಿನ ಡಾಕ್ಟರು

ಜೇವರ್ಗಿ ತಾಲ್ಲೂಕಿನ ಯಾವುದೋ ಒಂದು ಉಪಕೇಂದ್ರ ಎಂದುಕೊಳ್ಳಿ. ಬೆಂಚಿನ ಮೇಲೆ ಏಳು ತಿಂಗಳ ಬಸುರಿ ಕುಳಿತಿದ್ದಾಳೆ. "ತೆಲಿ ಭಾಳ ನೋಯ್ತದ ಅಕ್ಕಾ, ಕಣ್ಣ ಮುಂದ ಮಂಜ ಮಂಜ ಕಾಣ್ತದ" ಅನ್ನುತ್ತಾಳೆ. ಜೊತೆಗೆ ಬಂದ ಅತ್ತೆಗೆ ಅದು ಬರೀ ಬಿಸಿಲಿನ ತಲೆನೋವು. "ಹೊಲಕ್ಕ ಹೋಗಿ ಬಂದಾಳ್ರಿ, ಅದಕ್ಕ." ಸಿಸ್ಟರ್ ಅವಳ ತೋಳಿಗೆ ಪಟ್ಟಿ ಕಟ್ಟಿ ಗುಂಡಿ ಒತ್ತುತ್ತಾರೆ. 162, 110. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿದರೂ ಇಳಿದಿಲ್ಲ. ಮೂತ್ರದಲ್ಲಿ ಅದ್ದಿದ ಕಡ್ಡಿ ಹಸಿರಿಗೆ ತಿರುಗಿದೆ, ಅಂದರೆ ಪ್ರೋಟೀನ್ ಹೋಗುತ್ತಿದೆ.

ಇದು ಗರ್ಭನಂಜು. ಹೀಗೇ ಬಿಟ್ಟರೆ ಫಿಟ್ಸ್ ಬರಬಹುದು, ತಾಯಿ ಮಗು ಇಬ್ಬರ ಜೀವಕ್ಕೂ ಕುತ್ತು. ಸಿಸ್ಟರ್ ಟ್ಯಾಬ್ ತೆರೆದು ಡಾಕ್ಟರನ್ನು ಹಿಡಿಯುತ್ತಾರೆ. ಅವರು ಕೇಳುವುದು ನಾಲ್ಕೇ ಪ್ರಶ್ನೆ: ಎಷ್ಟು ತಿಂಗಳು, ಬಿಪಿ ಎಷ್ಟು, ಎದೆಗುಂಡಿಯ ಕೆಳಗೆ ನೋವಿದೆಯೇ, ಮಗು ಮಿಸುಕಾಡುತ್ತಿದೆಯೇ. ಮುಂದಿನದು ನಿರ್ಧಾರ. ಮೆಗ್ನೀಷಿಯಂ ಸಲ್ಫೇಟ್‌ನ ಮೊದಲ ಸುತ್ತು ಎಲ್ಲಿ ಕೊಡಬೇಕು, 108 ಯಾವ ದಾರಿ ಹಿಡಿಯಬೇಕು, ಕಲಬುರಗಿಯ ದೊಡ್ಡಾಸ್ಪತ್ರೆಗೆ ಯಾರು ಮೊದಲೇ ಫೋನು ಮಾಡಬೇಕು.

ಟೆಲಿಮೆಡಿಸಿನ್ ಎಂದ ಕೂಡಲೇ ನಮಗೆ ನೆನಪಾಗುವುದು ತೆರೆಯ ಮೇಲಿನ ಡಾಕ್ಟರ ಮುಖ. ಆದರೆ ಈ ಪ್ರಸಂಗದಲ್ಲಿ ಕೆಲಸ ಮಾಡಿದ್ದು ತೋಳಿನ ಪಟ್ಟಿ ಮತ್ತು ಮೂತ್ರದ ಕಡ್ಡಿ. ಅವೆರಡೂ ಇಲ್ಲದಿದ್ದರೆ ಡಾಕ್ಟರಿಗೆ ಆ ತೆರೆಯಲ್ಲಿ ಕಾಣುತ್ತಿದ್ದುದು ಒಂದು ದಣಿದ ಮುಖ ಅಷ್ಟೆ.

ಅಳತೆಯೂ ಸುಲಭದ್ದಲ್ಲ. ಎರಡು ಮೈಲಿ ನಡೆದು ಬಂದವಳಿಗೆ ಕೂತ ತಕ್ಷಣ ಪಟ್ಟಿ ಕಟ್ಟಿದರೆ ಅಂಕಿ ಏರಿಯೇ ಇರುತ್ತದೆ. ಐದು ನಿಮಿಷ ಬೆನ್ನು ಒರಗಿಸಿ ಕೂರಿಸಬೇಕು, ತೋಳು ಎದೆಯ ಮಟ್ಟಕ್ಕಿರಬೇಕು, ಪಟ್ಟಿ ರವಿಕೆಯ ಮೇಲಲ್ಲ, ಬರೀ ತೋಳಿಗೆ ಬಿಗಿಯಬೇಕು. ಬಡಕಲು ತೋಳಿಗೆ ದೊಡ್ಡ ಪಟ್ಟಿ ಕಟ್ಟಿದರೆ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಇಲ್ಲಿ ತಪ್ಪಿದ ಅಂಕಿಯನ್ನು ಬೆಂಗಳೂರಿನ ಯಾವ ತಜ್ಞರೂ ಅಲ್ಲಿ ಕೂತು ತಿದ್ದಲಾರರು.

ಜೇವರ್ಗಿ, ಆಳಂದ, ಅಫಜಲಪುರ, ಈ ಮೂರು ತಾಲ್ಲೂಕಿಗೆ ದೂರವೇ ದೊಡ್ಡ ತೊಡಕು. ಆಳಂದ ಮತ್ತು ಜೇವರ್ಗಿಯಿಂದ ಕಲಬುರಗಿಗೆ ಸುಮಾರು 40 ಕಿಲೋಮೀಟರ್, ಅಫಜಲಪುರದಿಂದ 60ರ ಮೇಲೆ. ಇದು ಪಟ್ಟಣದಿಂದ ಹಿಡಿದ ಲೆಕ್ಕ; ಊರಿಂದ, ತಾಂಡಾದಿಂದ ಹೊರಟವರಿಗೆ ಇನ್ನೂ ಹೆಚ್ಚು. ಅಫಜಲಪುರ, ಜೇವರ್ಗಿ ಎರಡಕ್ಕೂ ಭೀಮಾ ನದಿಯ ನಂಟು. 2020ರ ಅಕ್ಟೋಬರಿನಲ್ಲಿ ನದಿ ದಂಡೆ ಮೀರಿದಾಗ ರಸ್ತೆ, ಸೇತುವೆ ಎಲ್ಲ ನೀರಿನಡಿ ಹೋಗಿದ್ದವು. ಅಂಥ ಹೊತ್ತಿನಲ್ಲಿ ಯಾವ ಬಸುರಿಗೆ ದಿನ ತುಂಬುತ್ತಿದೆ, ಯಾರನ್ನು ನೀರು ಏರುವ ಮೊದಲೇ ಆಚೆ ದಡಕ್ಕೆ ದಾಟಿಸಬೇಕು ಎಂಬ ಪಟ್ಟಿ ಆಶಾ ಅಕ್ಕನ ಕೈಯಲ್ಲಿದ್ದರೆ ಒಂದು ಫೋನಿಗೂ ಬೆಲೆ ಬರುತ್ತದೆ.

ಸರ್ಕಾರದ ಟೆಲಿಮೆಡಿಸಿನ್ ಸೇವೆ ಇ–ಸಂಜೀವಿನಿ ಶುರುವಾದದ್ದು 2019ರ ನವೆಂಬರಿನಲ್ಲಿ. ಕಟ್ಟಿಕೊಟ್ಟದ್ದು ಮೊಹಾಲಿಯ ಸಿ–ಡ್ಯಾಕ್ ಸಂಸ್ಥೆ. ಹಳ್ಳಿಯ ಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಕೂತಿರುತ್ತಾರೆ, ಇನ್ನೊಂದು ತುದಿಯಲ್ಲಿ ಡಾಕ್ಟರು. ಕೊರೊನಾ ಬಂದ ಮೇಲೆ, 2020ರ ಏಪ್ರಿಲ್‌ನಲ್ಲಿ, ಮನೆಯಿಂದಲೇ ಡಾಕ್ಟರ ಜೊತೆ ಮಾತಾಡುವ ದಾರಿಯೂ ತೆರೆಯಿತು. ಅದಕ್ಕೆ ತುಸು ಮೊದಲು, ಮಾರ್ಚ್ 25ರಂದು, ದೂರದಿಂದ ಚಿಕಿತ್ಸೆ ನೀಡುವ ವೈದ್ಯರಿಗೆ ಕೇಂದ್ರ ಸರ್ಕಾರ ನಿಯಮ ಬರೆದುಕೊಟ್ಟಿತ್ತು. ನೇರವಾಗಿ ನೋಡಲೇಬೇಕು ಅನ್ನಿಸಿದರೆ ವೈದ್ಯರು ಹಾಗೆ ಹೇಳಿ ಕಳಿಸಬೇಕು ಎಂಬುದು ಅದರಲ್ಲಿದೆ. ಬಸುರಿಯರ ವಿಷಯದಲ್ಲಿ ಈ ಮಾತಿಗೆ ತೂಕ ಹೆಚ್ಚು. ಹೊಟ್ಟೆ ಮುಟ್ಟಿ ನೋಡದೆ ಮಗು ಅಡ್ಡ ಮಲಗಿದೆಯೋ ಉದ್ದವೋ ಹೇಳುವಂತಿಲ್ಲ. ಸ್ಕ್ಯಾನ್ ಯಂತ್ರವನ್ನು ಹಳ್ಳಿಗೇ ಒಯ್ದು ಚಿತ್ರ ಕಳಿಸಬಹುದಲ್ಲ ಎಂದು ಕೇಳುವವರಿದ್ದಾರೆ. ಭ್ರೂಣಲಿಂಗ ಪತ್ತೆ ತಡೆಯಲು ಬಂದ 1994ರ ಕಾಯ್ದೆ ಆ ಯಂತ್ರಕ್ಕೆ ನೋಂದಣಿಯ ಗೂಟ ಹೊಡೆದಿದೆ. ಹೆಣ್ಣು ಮಗುವನ್ನು ಹೊಟ್ಟೆಯಲ್ಲೇ ಕೊಲ್ಲುವುದನ್ನು ನಾವು ಬಿಡುವತನಕ ಆ ಗೂಟ ಇರಲಿ ಎಂದೇ ನನ್ನ ಅಭಿಪ್ರಾಯ.

ಮೊಬೈಲು ಕೊಟ್ಟರೆ ತಾಯಿ ಸಾವು ತಗ್ಗುತ್ತದೆಯೇ? ಇದಕ್ಕೆ ನಮ್ಮ ನೆಲದಲ್ಲೇ ಒಂದು ದೊಡ್ಡ ಪರೀಕ್ಷೆ ನಡೆದಿದೆ. 2014ರಿಂದ 2016ರವರೆಗೆ ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ ಬೆಳಗಾವಿಯ ಜೆಎನ್‌ಎಂಸಿ ವೈದ್ಯಕೀಯ ಕಾಲೇಜಿನ ವೈದ್ಯರೂ ಸೇರಿ 'ಕ್ಲಿಪ್' ಎಂಬ ಅಧ್ಯಯನ ನಡೆಸಿದರು. 14 ಸಾವಿರಕ್ಕೂ ಹೆಚ್ಚು ಬಸುರಿಯರು ಅದರಲ್ಲಿದ್ದರು. ಆಶಾ ಅಕ್ಕಂದಿರು ಟ್ಯಾಬ್ ಹಿಡಿದು ಮನೆಮನೆಗೆ ಹೋಗಿ ಬಿಪಿ ನೋಡಿದರು. ಆ್ಯಪ್ ಅಪಾಯದ ಮಟ್ಟ ಹೇಳುತ್ತಿತ್ತು. ಬಿಪಿ ತೀರಾ ಏರಿದ್ದರೆ ಮಿಥೈಲ್‌ಡೋಪ ಮಾತ್ರೆ, ಫಿಟ್ಸ್ ಭಯವಿದ್ದರೆ ಮೆಗ್ನೀಷಿಯಂ ಇಂಜೆಕ್ಷನ್, ಆಮೇಲೆ ಆಸ್ಪತ್ರೆಗೆ. ಕೊನೆಗೆ ತೂಗಿ ನೋಡಿದಾಗ ಈ ಸೌಲಭ್ಯ ಸಿಕ್ಕ ಊರುಗಳಿಗೂ ಸಿಗದ ಊರುಗಳಿಗೂ ಸಾವು, ತೊಂದರೆಗಳ ಒಟ್ಟು ಲೆಕ್ಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಆ ಹೆಣ್ಣುಮಕ್ಕಳ ದುಡಿಮೆ ದಂಡವಾಯಿತು ಎಂದು ಇದನ್ನು ಓದಬಾರದು. ಪಾಕಿಸ್ತಾನ, ಮೊಜಾಂಬಿಕ್‌ಗಳಲ್ಲೂ ಇದೇ ಅಧ್ಯಯನ ನಡೆದಿತ್ತು. ಮೂರೂ ದೇಶದ ಲೆಕ್ಕ ಕೂಡಿಸಿದಾಗ, ಎಂಟು ಅಥವಾ ಹೆಚ್ಚು ಬಾರಿ ಭೇಟಿ ಸಿಕ್ಕ ಬಸುರಿಯರಲ್ಲಿ ಮಗು ಸತ್ತು ಹುಟ್ಟುವುದು ಕಡಿಮೆ ಕಂಡಿತು. ಒಮ್ಮೆ ಬಂದು ಫೋಟೊ ತೆಗೆಸಿಕೊಂಡು ಹೋಗುವ ಟೆಲಿಮೆಡಿಸಿನ್‌ಗೂ, ತಿಂಗಳು ತಿಂಗಳೂ ಬಾಗಿಲು ತಟ್ಟುವ ಟೆಲಿಮೆಡಿಸಿನ್‌ಗೂ ವ್ಯತ್ಯಾಸ ಇಷ್ಟಿದೆ. ಇನ್ನೊಂದು ಮಾತು: ಅಪಾಯ ಹಳ್ಳಿಯಲ್ಲೇ ಗೊತ್ತಾಗಿ, ಹೋದ ಆಸ್ಪತ್ರೆಯಲ್ಲಿ ರಕ್ತ, ಅರಿವಳಿಕೆ ಡಾಕ್ಟರು ಇಲ್ಲದಿದ್ದರೆ ಟ್ಯಾಬ್ ಏನು ಮಾಡೀತು? ಹೆರಿಗೆಯ ನಂತರ ಜೋರು ರಕ್ತಸ್ರಾವವಾದರೆ ಎರಡು ಗಂಟೆಯಲ್ಲಿ ಜೀವ ಹೋಗಬಹುದು. ರಕ್ತದ ಚೀಲ ನೆಟ್‌ವರ್ಕಿನಲ್ಲಿ ಬರುವುದಿಲ್ಲ.

ಹಾಗಾದರೆ ಫೋನು ಎಲ್ಲಿ ನಿಜಕ್ಕೂ ನೆರವಾಗುತ್ತದೆ? ನಿಧಾನಕ್ಕೆ ಏರುವ ಅಪಾಯಗಳಲ್ಲಿ. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, 7ಕ್ಕಿಂತ ಇಳಿದರೆ ಗಂಡಾಂತರ. ಕಬ್ಬಿಣದ ಮಾತ್ರೆ ನುಂಗಿ ಹೊಟ್ಟೆ ತೊಳಸಿತೆಂದು ಬಿಟ್ಟವಳಿಗೆ ಅದನ್ನು ರಾತ್ರಿ ಊಟದ ನಂತರ ತೆಗೆದುಕೊಳ್ಳಲು, ಮೇಲೆ ಚಹಾ ಕುಡಿಯದಿರಲು ಹೇಳಲಿಕ್ಕೆ 60 ಕಿಲೋಮೀಟರ್ ಪ್ರಯಾಣ, ಇಬ್ಬರ ಒಂದು ದಿನದ ಕೂಲಿ ಬೇಕೇ? ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆಂದೇ ನಡೆಯುವ ತಪಾಸಣೆಗೆ ಒಮ್ಮೆ ಹೋಗಿ ಬಂದವಳನ್ನು ನಡುವಿನ ವಾರಗಳಲ್ಲಿ ಫೋನಿನಲ್ಲೇ ವಿಚಾರಿಸಬಹುದು.

ನಮ್ಮ ಕಡೆಯ ಚೊಚ್ಚಲ ಬಸುರಿ ಒಂದೂರಲ್ಲಿ ನಿಲ್ಲುವವಳಲ್ಲ. ಆಳಂದದ ಸೊಸೆಯ ತವರು ಅಕ್ಕಲಕೋಟೆಯ ಕಡೆ ಇರಬಹುದು. ಗಂಡನ ಜೊತೆ ದುಡಿಯಲು ಪುಣೆಗೆ ಹೋದವಳು ಎಂಟನೇ ತಿಂಗಳಿಗೆ ನೇರ ತವರಿಗೆ ಇಳಿಯಬಹುದು. ಗಂಡನ ಮನೆಯ ಆಶಾಗೆ ಅವಳು ಹೋದಳು, ತವರಿನ ಆಶಾಗೆ ಇನ್ನೂ ಬಂದಿಲ್ಲ. ನಡುವೆ ಬಿಪಿ ಏರುತ್ತಿರುತ್ತದೆ. ತಾಯಿ ಕಾರ್ಡಿನ ನೋಂದಣಿ ಸಂಖ್ಯೆ ಇಬ್ಬರಿಗೂ ಗೊತ್ತಿದ್ದು, ಒಬ್ಬರು ಇನ್ನೊಬ್ಬರಿಗೆ ಒಂದು ಫೋನು ಮಾಡಿದರೆ ಆ ಕಂದಕ ಮುಚ್ಚುತ್ತದೆ. ವಿಡಿಯೋ ಕೂಡ ಬೇಕಿಲ್ಲ.

ಹೆರಿಗೆಯಾದರೆ ಮುಗಿಯಿತು ಅನ್ನುವಂತೆಯೂ ಇಲ್ಲ. ಗರ್ಭನಂಜು ಹೆತ್ತ ಮೇಲೂ ಬರುತ್ತದೆ. ಆಸ್ಪತ್ರೆಯಲ್ಲಿ ಹೆತ್ತವಳ ಮನೆಗೆ ಆಶಾ 3, 7, 14, 21, 28, 42ನೇ ದಿನ ಹೋಗಬೇಕೆಂಬ ಕ್ರಮವಿದೆ. ಕೋಣೆಯಲ್ಲಿ ಬೆಳಕು ಕಡಿಮೆ, ಬಾಣಂತಿಯ ಕಿವಿಗೆ ಬಟ್ಟೆ ಬಿಗಿದಿದೆ, ಹೊರಸಿನ ಕೆಳಗೆ ಕೆಂಡ. ತಲೆ ಸಿಡಿಯುತ್ತದೆ ಅಂದರೆ ಕಿವಿಗೆ ಗಾಳಿ ಹೊಕ್ಕಿದೆ ಎಂದು ಬಟ್ಟೆಯನ್ನು ಇನ್ನಷ್ಟು ಬಿಗಿಯುತ್ತಾರೆ. "ಬಟ್ಟಿ ಹಂಗೇ ಇರ್ಲಿ ಆಯಿ, ತೋಳ ಅಷ್ಟೇ ಕೊಡ್ರಿ" ಎಂದು ಆಶಾ ಅಕ್ಕ ಹೊರಸಿನ ಅಂಚಿಗೆ ಕೂತು, ಚೀಲದಿಂದ ಪಟ್ಟಿ ತೆಗೆಯುತ್ತಾಳೆ.