ಹಳೆಯ ಪುಟ್ಟ ಎಲೆಕ್ಟ್ರಿಕ್ ಕಾರಿಗೆ ಲೀಫ್ ಸ್ಪ್ರಿಂಗ್ ಎಲ್ಲಿ ಸಿಗುತ್ತೆ? ಮೊದಲು ಅಳತೆ, ಆಮೇಲೆ ಅಂಗಡಿ

ಠಾಕುರ್ಲಿ: ಹಳೆಯ ಎಲೆಕ್ಟ್ರಿಕ್ ಕಾರು ಇಟ್ಟುಕೊಂಡವರಿಗೆ ಬ್ಯಾಟರಿಯದ್ದೇ ಚಿಂತೆ. ಆದರೆ ಬ್ಯಾಟರಿ ಹೊಸದು ಸಿಗುತ್ತದೆ, ಮೋಟಾರಿಗೆ ವೈಂಡಿಂಗ್ ಮಾಡಿಸಬಹುದು. ಕಾರು ಮೂಲೆ ಸೇರುವುದು ಹೆಚ್ಚಾಗಿ ಯಾರೂ ಎಣಿಸದ ಬಿಡಿಭಾಗವೊಂದು ಮುರಿದಾಗ. ಅಂಥದ್ದರಲ್ಲಿ ಒಂದು ಲೀಫ್ ಸ್ಪ್ರಿಂಗ್. ಲಾರಿಯವರ ಬಾಯಲ್ಲಿ ಇದು 'ಪ್ಲೇಟ್', ಠಾಣೆ-ಕಲ್ಯಾಣ್ ಕಡೆಯ ಗ್ಯಾರೇಜುಗಳಲ್ಲಿ 'ಪಾಟಾ'. ತಯಾರಿಸಿದ ಕಂಪನಿಯೇ ಇಲ್ಲದಾಗ ಇದನ್ನು ಹುಡುಕುವುದು ಹೇಗೆ? ಇಲ್ಲಿದೆ ಮಾಹಿತಿ.

ನಿಮ್ಮ ಕಾರಿನಲ್ಲಿರುವುದು ಯಾವ ಸ್ಪ್ರಿಂಗ್?

ಪುಟ್ಟ ಎಲೆಕ್ಟ್ರಿಕ್ ಕಾರು ಎಂದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು ಬೆಂಗಳೂರಿನ ರೇವಾ. 2001ರಲ್ಲಿ ಮಾರುಕಟ್ಟೆಗೆ ಬಂದ ಈ ಕಾರು ಲಂಡನ್ನಿನಲ್ಲಿ 'ಜಿ-ವಿಜ್' ಹೆಸರಿನಲ್ಲಿ ಓಡಾಡಿತು. 2010ರಲ್ಲಿ ಕಂಪನಿ ಮಹೀಂದ್ರಾ ತೆಕ್ಕೆಗೆ ಹೋಯಿತು. ರೇವಾದ ಹಿಂಬದಿಯಲ್ಲಿರುವುದು ಸುರುಳಿಯಾಕಾರದ ಕಾಯಿಲ್ ಸ್ಪ್ರಿಂಗ್. ಹಾಗಾಗಿ 'ರೇವಾಕ್ಕೆ ಪಾಟಾ ಕೊಡಿ' ಎಂದು ಅಂಗಡಿ ಸುತ್ತಿದರೆ ಪ್ರಯೋಜನವಿಲ್ಲ.

ಲೀಫ್ ಸ್ಪ್ರಿಂಗ್ ಇದ್ದದ್ದು ಅದಕ್ಕಿಂತ ಹಳೆಯ ತಲೆಮಾರಿನಲ್ಲಿ. ಅಮೆರಿಕದ ಫ್ಲಾರಿಡಾದಲ್ಲಿ ಸೆಬ್ರಿಂಗ್-ವ್ಯಾನ್‌ಗಾರ್ಡ್ ಕಂಪನಿ 1974ರಿಂದ 1977ರವರೆಗೆ ತಯಾರಿಸಿದ 'ಸಿಟಿಕಾರ್' ಇದಕ್ಕೆ ಒಳ್ಳೆಯ ಉದಾಹರಣೆ. ಸುಮಾರು ಎರಡೂವರೆ ಮೀಟರ್ ಉದ್ದದ ಈ ಎರಡು ಸೀಟಿನ ಕಾರಿಗೆ ಮುಂದೆಯೂ ಹಿಂದೆಯೂ ಲೀಫ್ ಸ್ಪ್ರಿಂಗ್. ನಮ್ಮ ಇ-ರಿಕ್ಷಾಗಳ ಹಿಂದಿನ ಆಕ್ಸಲ್ ಕೂಡ ಸಾಮಾನ್ಯವಾಗಿ ಇದೇ ಪಟ್ಟಿಗಳ ಮೇಲೆ ಕೂತಿರುತ್ತದೆ.

ಎಲೆಕ್ಟ್ರಿಕ್ ಕಾರಿಗೆ ಇದು ಯಾಕೆ ಮುಖ್ಯ?

ಹಳೆಯ ಎಲೆಕ್ಟ್ರಿಕ್ ಕಾರು ನೋಡಲು ಚಿಕ್ಕದು, ಹೊರುವ ಭಾರ ದೊಡ್ಡದು. ರೇವಾದ ಮೊದಲ ಮಾದರಿಗಳಲ್ಲಿ 6 ವೋಲ್ಟಿನ 8 ಲೆಡ್-ಆಸಿಡ್ ಬ್ಯಾಟರಿಗಳಿದ್ದವು. ಅವುಗಳ ತೂಕವೇ 250 ಕೆ.ಜಿ.ಗೂ ಹೆಚ್ಚು. ಪೆಟ್ರೋಲ್ ಕಾರಿನಲ್ಲಿ ಪ್ರಯಾಣಿಕರು ಇಳಿದರೆ ಸ್ಪ್ರಿಂಗಿಗೆ ವಿಶ್ರಾಂತಿ. ಇಲ್ಲಿ ಕಾರು ನಿಂತಿದ್ದರೂ ಬ್ಯಾಟರಿ ಭಾರ ಹಗಲು ರಾತ್ರಿ ಇದ್ದೇ ಇರುತ್ತದೆ. ವರ್ಷಗಟ್ಟಲೆ ನಿಂತ ಕಾರಿನಲ್ಲಿ ಪಟ್ಟಿಗಳ ನಡುವೆ ತುಕ್ಕು ಸೇರುತ್ತದೆ. ಮಳೆಗಾಲದ ಗುಂಡಿ ರಸ್ತೆಗೆ ಇಳಿದ ದಿನವೇ ಒಂದು ಪಟ್ಟಿ ಸೀಳಿದರೆ ಆಶ್ಚರ್ಯವಿಲ್ಲ.

ಆಕ್ಸಲ್ಲನ್ನು ಅದರ ಜಾಗದಲ್ಲಿ ಹಿಡಿದಿಡುವುದೂ ಲೀಫ್ ಸ್ಪ್ರಿಂಗಿನದ್ದೇ ಕೆಲಸ. ಮೇನ್ ಪಟ್ಟಿಯ ಕಿವಿ ಮುರಿದರೆ ಅಥವಾ ಸೆಂಟರ್ ಬೋಲ್ಟ್ ಕತ್ತರಿಸಿದರೆ ಆಕ್ಸಲ್ ಓರೆಯಾಗಿ ಕಾರು ಒಂದು ಕಡೆಗೆ ಎಳೆಯುತ್ತದೆ. ಬ್ರೇಕ್ ಹಾಕುವ ಹೊತ್ತಿಗೆ ಹೀಗಾದರೆ ಜೀವಕ್ಕೇ ಅಪಾಯ.

ಹೆಸರು ಬೇಡ, ಅಳತೆ ಬೇಕು

ಈ ಹುಡುಕಾಟದಲ್ಲಿ ನೆನಪಿಡಬೇಕಾದ ಮುಖ್ಯ ಮಾತು ಇದು. ಅಂಗಡಿಯವನಿಗೆ ಕಾರಿನ ಹೆಸರು ಹೇಳಿದರೆ 'ಇಲ್ಲ' ಎನ್ನುತ್ತಾನೆ. ಅಳತೆ ಕೊಟ್ಟರೆ 'ನೋಡೋಣ' ಎನ್ನುತ್ತಾನೆ. ಬಿಚ್ಚುವ ಮೊದಲು ಮತ್ತು ಬಿಚ್ಚಿದ ಮೇಲೆ ಇವನ್ನು ಬರೆದುಕೊಳ್ಳಿ:

1. ಬ್ಯಾಟರಿಗಳು ಕಾರಿನಲ್ಲೇ ಇರುವಾಗ, ಸಮತಟ್ಟಾದ ನೆಲದಲ್ಲಿ, ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗಿನ ಎತ್ತರ. ನಾಲ್ಕೂ ಕಡೆ ಅಳೆಯಿರಿ. ಬ್ಯಾಟರಿ ತೆಗೆದ ಮೇಲೆ ಅಳೆದರೆ ಲೆಕ್ಕ ತಪ್ಪುತ್ತದೆ.

2. ಮುಂದಿನ ಮತ್ತು ಹಿಂದಿನ ಆಕ್ಸಲ್ ಮೇಲಿನ ಭಾರ. ವೇಬ್ರಿಜ್‌ನಲ್ಲಿ ಮೊದಲು ಇಡೀ ಕಾರು, ನಂತರ ಮುಂದಿನ ಚಕ್ರಗಳನ್ನು ಮಾತ್ರ ಹತ್ತಿಸಿ ತೂಗಿಸಿ.

3. ಪಟ್ಟಿಗಳ ಸಂಖ್ಯೆ, ಅಗಲ, ಪ್ರತಿಯೊಂದರ ದಪ್ಪ ಮತ್ತು ಉದ್ದ.

4. ಸೆಂಟರ್ ಬೋಲ್ಟಿನಿಂದ ಎರಡೂ ಕಿವಿಗಳಿಗೆ ಇರುವ ದೂರ, ಬೇರೆ ಬೇರೆಯಾಗಿ. ಎಷ್ಟೋ ಕಾರುಗಳಲ್ಲಿ ಇವೆರಡೂ ಸಮವಾಗಿರುವುದಿಲ್ಲ.

5. ಕಿವಿಯ ಒಳವ್ಯಾಸ, ಬುಷ್ ಅಳತೆ, ಕಿವಿ ಮೇಲ್ಮುಖವೋ ಕೆಳಮುಖವೋ ಎಂಬುದು.

6. ಬಿಚ್ಚಿಟ್ಟಾಗ ಪಟ್ಟಿಯ ಬಾಗು ಎಷ್ಟು ಎಂಬುದು.

ದಪ್ಪವನ್ನು ಸ್ಕೇಲ್‌ನಲ್ಲಿ ಅಳೆಯಬೇಡಿ, ವರ್ನಿಯರ್ ಬಳಸಿ. ಪಟ್ಟಿಯ ಬಿಗಿ ಅದರ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. 5 ಮಿ.ಮೀ. ಪಟ್ಟಿಯ ಜಾಗಕ್ಕೆ 6 ಮಿ.ಮೀ. ಪಟ್ಟಿ ಹಾಕಿದರೆ ಅದು ಸುಮಾರು ಶೇ. 73ರಷ್ಟು ಹೆಚ್ಚು ಬಿಗಿಯಾಗುತ್ತದೆ. ಉದ್ದ ಶೇ. 10ರಷ್ಟು ಹೆಚ್ಚಾದರೆ ಸುಮಾರು ಶೇ. 25ರಷ್ಟು ಮೆದುವಾಗುತ್ತದೆ. 'ಸ್ವಲ್ಪ ದಪ್ಪ ಇದ್ದರೆ ಗಟ್ಟಿಯಾಗಿರುತ್ತೆ ಬಿಡಿ' ಎನ್ನುವ ಸಲಹೆಯಿಂದ ಫೈಬರ್ ಬಾಡಿ ಬಿರುಕು ಬಿಡಬಹುದು, ಬ್ಯಾಟರಿ ಟ್ರೇ ಸಡಿಲವಾಗಬಹುದು.

ಎಲ್ಲಿ ಹುಡುಕಬೇಕು?

ಮೊದಲ ದಾರಿ, ಬೇರೆ ಗಾಡಿಯ ಪಟ್ಟಿ ಹೊಂದುತ್ತದೆಯೇ ಎಂದು ನೋಡುವುದು. ನಮ್ಮ ದೇಶದಲ್ಲಿ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಮಾರುತಿ ಓಮ್ನಿ ಕಾರುಗಳ ಹಿಂಬದಿಯಲ್ಲಿ ಲೀಫ್ ಸ್ಪ್ರಿಂಗ್ ಇತ್ತು. ಮಾರುತಿ ಜಿಪ್ಸಿಗಂತೂ ಮುಂದೆಯೂ ಹಿಂದೆಯೂ ಅದೇ. ಮುಂಬೈ ಟ್ಯಾಕ್ಸಿಯಾಗಿ ಪದ್ಮಿನಿ ಓಡಾಟ ನಿಂತದ್ದು 2023ರ ಅಕ್ಟೋಬರ್‌ನಲ್ಲಷ್ಟೇ. ಹೀಗಾಗಿ ಮುಂಬೈ ಸುತ್ತಮುತ್ತ ಅದರ ಕೆಲಸ ಬಲ್ಲ ಹಳೆಯ ಮೆಕ್ಯಾನಿಕ್‌ಗಳಿಗೆ ಕೊರತೆಯಿಲ್ಲ. ಆದರೆ ಇವೆಲ್ಲ ದೊಡ್ಡ ಕಾರುಗಳ ಪಟ್ಟಿಗಳು. ಉದ್ದದಲ್ಲಿ ಇ-ರಿಕ್ಷಾ ಪಟ್ಟಿ ಹತ್ತಿರವಾಗಬಹುದು. ಯಾವುದೇ ಆದರೂ ಅಳತೆ ಪೂರ್ತಿ ಹೊಂದಿದರೆ ಮಾತ್ರ ಕೊಳ್ಳಿ. ಉದ್ದದ ಪಟ್ಟಿಯನ್ನು ಗ್ಯಾಸ್ ಕಟರ್‌ನಲ್ಲಿ ತುಂಡರಿಸಿ ಹೊಸ ಕಿವಿ ಮಾಡಿಸಬೇಡಿ.

ಠಾಕುರ್ಲಿ, ಡೊಂಬಿವಲಿ, ಕಲ್ಯಾಣ್ ಭಾಗದವರು ಹಳೆಯ ಬಿಡಿಭಾಗಗಳಿಗೆ ಕುರ್ಲಾ ಕಡೆ ವಿಚಾರಿಸಬಹುದು. ಹೊಸದಾಗಿ ಮಾಡಿಸುವುದಾದರೆ ಲಾರಿಗಳು ತಂಗುವ ಭಿವಂಡಿ, ಕಳಂಬೋಲಿ ಕಡೆಯ ಪಾಟಾ ಕೆಲಸದವರನ್ನು ಕೇಳಿ. ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಮತ್ತು ಶಿವಾಜಿನಗರದ ಗುಜರಿ ಇದ್ದೇ ಇದೆ.

ಮಾಡಿಸುವಾಗ ಏನು ಕೇಳಬೇಕು?

ಎರಡನೇ ದಾರಿ, ಹಳೆಯ ಪಟ್ಟಿಯನ್ನೇ ಮಾದರಿ ಕೊಟ್ಟು ಹೊಸದು ಮಾಡಿಸುವುದು. ಇದಕ್ಕೆ ಸ್ಪ್ರಿಂಗ್ ಸ್ಟೀಲೇ ಬೇಕು. ಇಎನ್-45 ಅಥವಾ ಅದಕ್ಕೆ ಸಮನಾದ ದರ್ಜೆ ಎಂದು ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಪಟ್ಟಿಯನ್ನು ಕಾಯಿಸಿ, ಬಾಗಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಹದವಾಗಿ ಕಾಯಿಸಿ ಟೆಂಪರ್ ಮಾಡಬೇಕು. ಎಣ್ಣೆಯಲ್ಲಿ ಅದ್ದಿದ ನಂತರ ಟೆಂಪರ್ ಮಾಡದಿದ್ದರೆ ಪಟ್ಟಿ ಗಾಜಿನಂತೆ ಒಡೆಯುತ್ತದೆ. ಸಾಮಾನ್ಯ ಕಬ್ಬಿಣದ ಪಟ್ಟಿಯಾದರೆ ಭಾರಕ್ಕೆ ಬಾಗಿ ಹಾಗೇ ಉಳಿದುಬಿಡುತ್ತದೆ.

ಪಟ್ಟಿ ಕುಸಿದಿದೆ, ಆದರೆ ಬಿರುಕಿಲ್ಲ ಎಂದಾದರೆ ಮತ್ತೆ ಬಾಗು ಕೊಡಿಸಬಹುದು. ಬಿರುಕು ಬಿಟ್ಟ ಪಟ್ಟಿಗೆ ವೆಲ್ಡಿಂಗ್ ಮಾತ್ರ ಬೇಡವೇ ಬೇಡ. ವೆಲ್ಡಿಂಗ್ ಬಿಸಿಗೆ ಅಕ್ಕಪಕ್ಕದ ಉಕ್ಕಿನ ಹದ ಕೆಡುತ್ತದೆ, ಮುಂದಿನ ಸಲ ಅಲ್ಲೇ ಮುರಿಯುತ್ತದೆ.

ಎಡ-ಬಲ ಎರಡನ್ನೂ ಒಟ್ಟಿಗೆ ಬದಲಿಸಿ. ಯು-ಬೋಲ್ಟ್, ಸೆಂಟರ್ ಬೋಲ್ಟ್, ಬುಷ್ ಹೊಸದಿರಲಿ. ಕಿವಿಯ ಬೋಲ್ಟುಗಳನ್ನು ಕಾರು ಚಕ್ರದ ಮೇಲೆ ನಿಂತ ನಂತರವೇ ಪೂರ್ತಿ ಬಿಗಿಸಿ. ಕೆಲವು ದಿನ ಓಡಿಸಿ ಯು-ಬೋಲ್ಟ್‌ಗಳನ್ನು ಮತ್ತೆ ಪರೀಕ್ಷಿಸಿ. ಕೆಲಸ ಶುರು ಮಾಡುವ ಮುನ್ನ ಬ್ಯಾಟರಿ ಸಂಪರ್ಕ ತಪ್ಪಿಸಿ, ಕಾರನ್ನು ಬರೀ ಜಾಕ್ ಮೇಲೆ ನಿಲ್ಲಿಸದೆ ಸ್ಟ್ಯಾಂಡ್ ಕೊಡಿ.

ಲಿಥಿಯಂ ಹಾಕಿಸುವ ಯೋಚನೆ ಇದೆಯೇ?

ಹಾಗಿದ್ದರೆ ಸ್ಪ್ರಿಂಗ್ ಆರ್ಡರ್ ಸ್ವಲ್ಪ ತಡೆಯಿರಿ. ಲೆಡ್-ಆಸಿಡ್ ಹೋಗಿ ಲಿಥಿಯಂ ಬಂದರೆ ಕಾರಿನ ತೂಕ ತುಂಬಾ ಇಳಿಯುತ್ತದೆ. ಹಳೆಯ ಭಾರಕ್ಕೆ ಮಾಡಿಸಿದ ಸ್ಪ್ರಿಂಗ್ ಆಗ ಕುದುರೆಯಂತೆ ಎಗರುತ್ತದೆ. ಬ್ಯಾಟರಿ ತೀರ್ಮಾನ ಮೊದಲು, ಸ್ಪ್ರಿಂಗ್ ಆಮೇಲೆ.

ಕಾನೂನು ಏನು ಹೇಳುತ್ತದೆ?

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಾಯಿಸುವಂತಿಲ್ಲ. ಲೀಫ್ ತೆಗೆದು ಕಾಯಿಲ್ ಕೂರಿಸಲು ಚಾಸಿಗೆ ಕೈಹಾಕುವುದಕ್ಕಿಂತ, ಇದ್ದದ್ದಕ್ಕೆ ಸರಿಸಮನಾದ ಪಟ್ಟಿ ಹಾಕುವುದು ಸುರಕ್ಷಿತ ದಾರಿ.

2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಚಾಸಿ ಮತ್ತು ಬಾಡಿಯಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೊಸ ನೋಂದಣಿ ಶುಲ್ಕ 20,000 ರೂ., 10 ವರ್ಷದ ಮಾನ್ಯತೆ, ಮರುನೋಂದಣಿಗೆ 5,000 ರೂ. ನಿತ್ಯದ ಓಡಾಟಕ್ಕೆ ಇಂಥ ಕಾರನ್ನು ಬಳಸುವಂತಿಲ್ಲ. ಸಿಟಿಕಾರ್ ಕಾಲದ ಗಾಡಿಗಳು ಈ ವಯಸ್ಸಿಗೆ ಬಂದಿವೆ. ರೇವಾವನ್ನು ಮಾತಿಗೆ ವಿಂಟೇಜ್ ಎಂದರೂ ನಿಯಮದ ಪ್ರಕಾರ ಅದಿನ್ನೂ ಆ ಸಾಲಿಗೆ ಸೇರಿಲ್ಲ. ನೋಂದಣಿಯ 15 ವರ್ಷ ಮುಗಿದ ಖಾಸಗಿ ಕಾರಿನ ನವೀಕರಣಕ್ಕೆ ಆರ್‌ಟಿಒ ಪರೀಕ್ಷೆ ಇರುತ್ತದೆ. ಬ್ಯಾಟರಿ ವಾಹನಗಳಿಗೆ ನೋಂದಣಿ ಪತ್ರದ ನವೀಕರಣ ಶುಲ್ಕದಿಂದ 2021ರ ಆಗಸ್ಟ್‌ನಲ್ಲಿ ವಿನಾಯಿತಿ ನೀಡಲಾಗಿದೆ.

ಕೊನೆಯದಾಗಿ ಒಂದು ಮಾತು. ಕಷ್ಟಪಟ್ಟು ತೆಗೆದ ಅಳತೆಗಳನ್ನು ಒಂದು ಹಾಳೆಯಲ್ಲಿ ಬರೆದು, ಮಾಡಿಕೊಟ್ಟವರ ಬಿಲ್ ಜೊತೆ ಕಾರಿನ ಕಾಗದಪತ್ರಗಳಲ್ಲೇ ಇಡಿ. ಕಂಪನಿ ಇಲ್ಲದ ಕಾರಿಗೆ ಆ ಹಾಳೆಯೇ ಪಾರ್ಟ್ ನಂಬರ್. ಮುಂದೆ ಕಾರು ಯಾರ ಕೈಗೆ ಹೋದರೂ ಅವರ ಹುಡುಕಾಟ ಅರ್ಧ ಮುಗಿದಂತೆ.