ಹಿತ್ತಲ ಕೋಳಿ ಸಾಕಾಣಿಕೆ: ಹುಂಜಗಳ ಸಂಖ್ಯೆ ಮತ್ತು ಮೊಟ್ಟೆಯ ಫಲವತ್ತತೆ

ಸ್ವಸಹಾಯ ಸಂಘಗಳ ಮಹಿಳೆಯರು ಕಾವಿಗೆ ಇಟ್ಟ ಮೊಟ್ಟೆಗಳು ಮರಿಯಾಗದಿದ್ದಾಗ ಹೇಂಟೆಯನ್ನು ದೂರುವುದು ರೂಢಿ. ಅನೇಕ ವೇಳೆ ಕಾರಣವು ಹುಂಜಗಳಲ್ಲಿರುತ್ತದೆ. 8ರಿಂದ 10 ಹೇಂಟೆಗಳಿಗೆ ಒಂದು ಹುಂಜ ಸಾಕು. ಅಷ್ಟೇ ಹೇಂಟೆಗಳ ನಡುವೆ ಮೂರು-ನಾಲ್ಕು ಹುಂಜಗಳನ್ನು ಬಿಟ್ಟ ಮಾತ್ರಕ್ಕೆ ಫಲವತ್ತತೆ ಹೆಚ್ಚುವುದಿಲ್ಲ; ಅವು ಕಾದಾಡುತ್ತ, ಒಂದು ಕೂಡುವಾಗ ಮತ್ತೊಂದು ಅಡ್ಡಿಪಡಿಸುತ್ತವೆ. ಹೇಂಟೆಗಳ ಬೆನ್ನಿನ ಗರಿ ಉದುರಿ ಗಾಯವಾಗಿರುವುದು ಇದರ ಲಕ್ಷಣ. ಹೆಚ್ಚುವರಿ ಹುಂಜಗಳನ್ನು ಪ್ರತ್ಯೇಕಿಸಬೇಕು ಅಥವಾ ಮಾರಬೇಕು. ಜಾತ್ರೆಗೆ ಮುನ್ನ ನಾಟಿ ಹುಂಜಕ್ಕೆ ಬೆಲೆಯೂ ಇರುತ್ತದೆ. ಮಾರಾಟಕ್ಕೆ ಮೊಟ್ಟೆ ಮಾತ್ರ ಬೇಕಿದ್ದಲ್ಲಿ ಹುಂಜವೇ ಅನಗತ್ಯ.

ಹುಂಜವನ್ನು ಬದಲಿಸುವಾಗ ಒಂದು ಸಂಗತಿ ಗಮನಾರ್ಹ. ಹೇಂಟೆಯ ಅಂಡನಾಳದಲ್ಲಿ ವೀರ್ಯಾಣುಗಳು ಎರಡು ವಾರ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಜೀವಂತವಾಗಿರುತ್ತವೆ. ಆದುದರಿಂದ ಹೊಸ ಹುಂಜದ ಮರಿಗಳೇ ಬೇಕೆಂದಾದರೆ ಹಳೆಯದನ್ನು ತೆಗೆದ ಮೂರು ವಾರಗಳ ನಂತರದ ಮೊಟ್ಟೆಗಳನ್ನಷ್ಟೇ ಕಾವಿಗೆ ಇಡುವುದು ಕ್ಷೇಮ.

ಕಾವಿನ 7ನೇ ದಿನ ಕತ್ತಲಲ್ಲಿ ಮೊಟ್ಟೆಯನ್ನು ಟಾರ್ಚಿನ ಬೆಳಕಿಗೆ ಹಿಡಿದರೆ ಫಲಿತ ಮೊಟ್ಟೆಯಲ್ಲಿ ಕೆಂಪು ರಕ್ತನಾಳಗಳ ಜಾಲ ಕಾಣುತ್ತದೆ. ಫಲಿಸದವು ತಿಳಿಯಾಗಿಯೇ ಇರುತ್ತವೆ. ಹೀಗೆ ನೋಡಿದರೆ 21 ದಿನಗಳ ಕಾವು ವ್ಯರ್ಥವಾಗದು. ಗ್ರಾಮ ಸಭೆಯಲ್ಲಿ ಹುಂಜಗಳಿಗಾಗಿ ಬೇಡಿಕೆ ಬಂದಲ್ಲಿ, ಸದಸ್ಯರು ಮೊದಲು ಆ ಹಿತ್ತಲಿನಲ್ಲಿ ಈಗಾಗಲೇ ಎಷ್ಟು ಹುಂಜಗಳಿವೆಯೆಂದು ವಿಚಾರಿಸತಕ್ಕದ್ದು.