ನರಕದಲ್ಲೊಂದು ಮೀನಿನ ಕ್ರಾಂತಿ

ವಾಲ್ವಟೋರೆಜ್ ಎಂಬ ರಕ್ತಪಿಶಾಚಿಯ ಹೆಸರು ಕೇಳಿದರೆ ಒಂದು ಕಾಲದಲ್ಲಿ ಪಾತಾಳವೇ ನಡುಗುತ್ತಿತ್ತು. 400 ವರ್ಷಗಳ ಹಿಂದೆ ಅವನು ಒಬ್ಬ ಮಾನವ ಹೆಣ್ಣಿಗೆ ಮಾತು ಕೊಟ್ಟ: ನಿನ್ನನ್ನು ಹೆದರಿಸುವ ತನಕ ಯಾರ ರಕ್ತವನ್ನೂ ಮುಟ್ಟುವುದಿಲ್ಲ. ಅವಳು ಹೆದರುವ ಮೊದಲೇ ಸತ್ತುಹೋದಳು. ಮಾತು ಹಾಗೇ ಉಳಿಯಿತು. ರಕ್ತ ಬಿಟ್ಟವನ ಶಕ್ತಿಯೆಲ್ಲ ಸೋರಿಹೋಗಿ, ಈಗ ಅವನು ನರಕದ ತಳದಲ್ಲಿ ಒಬ್ಬ ಮೇಷ್ಟ್ರು. ಊಟಕ್ಕೆ ಸಾರ್ಡೀನ್, ಅಂದರೆ ಮಂಗಳೂರಿನವರು ಬೂತಾಯಿ ಎಂದು ಕರೆಯುವ ಮೀನಿನ ಜಪಾನಿ ದಾಯಾದಿ.

ಇದು 2011ರಲ್ಲಿ ಪ್ಲೇಸ್ಟೇಷನ್ 3ಕ್ಕೆ ಬಂದ 'ಡಿಸ್‌ಗಾಯಾ 4'ರ ಆರಂಭ. ಜಪಾನಿನ ಗಿಫು ಪ್ರಾಂತದ ನಿಪ್ಪಾನ್ ಇಚಿ ಸಾಫ್ಟ್‌ವೇರ್ ಕಂಪನಿ 2003ರಲ್ಲಿ ಶುರುಮಾಡಿದ ಸರಣಿಯ ನಾಲ್ಕನೇ ಕಂತು. ಚೌಕಳಿ ಹಾಸಿನ ಮೇಲೆ ಸರದಿಯಂತೆ ಪಡೆ ನಡೆಸುವ ಈ ಬಗೆಯ ಆಟಗಳು ಅದಕ್ಕೂ ಮೊದಲು ಬಹುಮಟ್ಟಿಗೆ ಗಂಭೀರವಾಗಿದ್ದವು. 'ಫೈರ್ ಎಂಬ್ಲಮ್' ಇರಲಿ, 'ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್' ಇರಲಿ, ರಾಜ್ಯ, ದ್ರೋಹ, ಯುದ್ಧ ಎಂದು ಹುಬ್ಬು ಗಂಟಿಕ್ಕಿಕೊಂಡೇ ಕೂತಿರುತ್ತಿದ್ದವು. ಡಿಸ್‌ಗಾಯಾ ಅದೇ ಹಾಸನ್ನು ನರಕಕ್ಕೆ ಹೊತ್ತೊಯ್ದು ನಗೆಯಾಡಿತು.

ಮೇಷ್ಟ್ರ ಶಿಷ್ಯರು ಪ್ರಿನ್ನಿಗಳು. ಪಾಪ ಮಾಡಿ ಸತ್ತವರ ಆತ್ಮಗಳನ್ನು ಪೆಂಗ್ವಿನ್ ಆಕಾರದ ಚೀಲಕ್ಕೆ ತುಂಬಿದರೆ ಪ್ರಿನ್ನಿ. ದುಡಿದು ಪಾಪ ತೀರಿಸುವುದೊಂದೇ ಅವುಗಳ ಬದುಕು. ತರಬೇತಿ ಮುಗಿದ ದಿನ ತಲೆಗೊಂದು ಸಾರ್ಡೀನ್ ಕೊಡುತ್ತೇನೆ ಎಂದು ವಾಲ್ವಟೋರೆಜ್ ಮಾತು ಕೊಟ್ಟಿರುತ್ತಾನೆ. ಅಷ್ಟರಲ್ಲಿ ಭೂಮಿಯಲ್ಲಿ ಪಾಪಿಗಳು ಹೆಚ್ಚಿ ಪ್ರಿನ್ನಿಗಳ ಸಂಖ್ಯೆ ಮಿತಿಮೀರಿತೆಂದು ಪಾತಾಳದ ಸರ್ಕಾರ ಅವುಗಳನ್ನು ನಿರ್ನಾಮ ಮಾಡಲು ಹೊರಡುತ್ತದೆ. ಶಿಷ್ಯರನ್ನು ಹಿಡಿದೊಯ್ದಾಯಿತು, ಮೀನು ಕೊಟ್ಟಿಲ್ಲ, ಕೊಟ್ಟ ಮಾತು ತಪ್ಪುವಂತಿಲ್ಲ. ಹಾಗಾದರೆ ಸರ್ಕಾರವನ್ನೇ ಉರುಳಿಸೋಣ!

ಈ ಆಟದ ಹಾಸ್ಯದ ಬೇರು ಇರುವುದು ಇಲ್ಲೇ ಎಂದು ನನ್ನ ಲೆಕ್ಕ. ವಾಲ್ವಟೋರೆಜ್ ಒಮ್ಮೆಯೂ ಜೋಕು ಹೊಡೆಯುವುದಿಲ್ಲ. ಮೀನಿನ ಪೌಷ್ಟಿಕಾಂಶಗಳ ಬಗ್ಗೆ ಭಾಷಣ ಬಿಗಿಯುವಾಗಲೂ ಅವನ ಮುಖದಲ್ಲಿ ಕ್ರಾಂತಿಕಾರಿಯ ಕಳೆ. ಜೊತೆಗಿರುವ ತೋಳಮಾನವ ಸೇವಕ ಫೆನ್ರಿಚ್‌ಗೆ ಬೇಕಾದದ್ದು ಒಡೆಯ ಮತ್ತೆ ರಕ್ತ ಕುಡಿಯುವುದು, ಪಾತಾಳ ಆಳುವುದು. ಒಡೆಯನಿಗೆ ಬೇಕಾದದ್ದು ಮೀನು ಹಂಚುವುದು. ಜಪಾನಿನಲ್ಲಿ ಫೆಬ್ರವರಿ ಮೊದಲ ವಾರ ಬರುವ ಸೆಟ್ಸುಬುನ್ ದಿನ ಸುಟ್ಟ ಸಾರ್ಡೀನಿನ ತಲೆಯನ್ನು ಮುಳ್ಳೆಲೆಯ ಕಡ್ಡಿಗೆ ಸಿಕ್ಕಿಸಿ ಬಾಗಿಲಿಗೆ ಕಟ್ಟುವ ಪದ್ಧತಿಯಿದೆ. ಆ ವಾಸನೆಗೆ ದೆವ್ವಗಳು ಹತ್ತಿರ ಸುಳಿಯುವುದಿಲ್ಲವಂತೆ. ಆ ನಾಡಿನ ಕಥೆಯಲ್ಲಿ ದೆವ್ವವೊಂದು ಅದೇ ಮೀನನ್ನು ಚಪ್ಪರಿಸಿ ತಿನ್ನುತ್ತದೆ.

ಪಡೆಗೆ ಸೇರುವವರೂ ಸಾಮಾನ್ಯರಲ್ಲ. ಸತ್ತು ನರಕಕ್ಕೆ ಬಂದ ಶಾಲಾ ಹುಡುಗಿ ಫೂಕಾಗೆ ಪ್ರಿನ್ನಿ ಚೀಲ ಸಿಗಲಿಲ್ಲ, ದಾಸ್ತಾನು ಮುಗಿದಿತ್ತು. ಟೋಪಿ ಮಾತ್ರ ಕೊಟ್ಟು ಕಳಿಸಿದರು. ಇದೆಲ್ಲ ಕನಸು, ಎದ್ದರೆ ಮುಗಿಯಿತು ಎಂದು ಅವಳ ಹಟ. ಪಾತಾಳ ಸರ್ಕಾರದ ಅಧ್ಯಕ್ಷರ ಮಗ ಎಮಿಜೆಲ್‌ನ ಏಕೈಕ ಅಸ್ತ್ರ 'ನಮ್ಮಪ್ಪ ಯಾರು ಗೊತ್ತಾ?'

ಹಾಸ್ಯ ಸಂಭಾಷಣೆಯಲ್ಲೇ ನಿಂತಿದ್ದರೆ ಈ ಸರಣಿ ಇಷ್ಟು ವರ್ಷ ಬಾಳುತ್ತಿರಲಿಲ್ಲ. ಅದು ಆಟದ ನಿಯಮಗಳಿಗೂ ಇಳಿದಿದೆ. ಇಲ್ಲಿ ಜೊತೆಗಾರರನ್ನು ತಲೆಯ ಮೇಲೆತ್ತಿ ದೂರದ ಚೌಕಕ್ಕೆ ಎಸೆಯಬಹುದು. ಎಸೆದದ್ದು ಪ್ರಿನ್ನಿಯಾದರೆ ಬಿದ್ದಲ್ಲೇ ಢಮಾರ್! ಅಂಗಡಿಗೆ ಒಳ್ಳೆಯ ಸಾಮಾನು ಬರಬೇಕಾದರೆ ದೆವ್ವಗಳ ಸಭೆಯಲ್ಲಿ ಮಸೂದೆ ಮಂಡಿಸಬೇಕು. ಪ್ರತಿ ಸದಸ್ಯನಿಗೂ ನಮ್ಮ ಮೇಲೆ ಒಲವೆಷ್ಟು, ಹಗೆಯೆಷ್ಟು ಎಂದು ಪರದೆಯೇ ತೋರಿಸುತ್ತದೆ. ಮುನಿದವನ ಬಳಿ ಹೋಗಿ ಚೀಲದಿಂದ ಒಂದು ಕತ್ತಿಯನ್ನೋ ಔಷಧಿಯನ್ನೋ ಕೈಗಿಟ್ಟರೆ ಮುಖ ಅರಳಬಹುದು. ಲಂಚವೂ ಕೆಲಸ ಮಾಡದೆ ಮಸೂದೆ ಬಿದ್ದುಹೋದರೆ, ವಿರೋಧಿಸಿದವರನ್ನೆಲ್ಲ ಅಲ್ಲೇ ಬಡಿದು ಪಾಸು ಮಾಡಿಸಿಕೊಳ್ಳುವ ಆಯ್ಕೆಯೂ ಉಂಟು. ಅವರಲ್ಲಿ ಕೆಲವರು ನಮಗಿಂತ ಎಷ್ಟೋ ಪಟ್ಟು ಬಲಶಾಲಿಗಳು ಎಂಬುದು ಕಣಕ್ಕಿಳಿದ ಮೇಲೆ ಚೆನ್ನಾಗಿ ಅರ್ಥವಾಗುತ್ತದೆ.

ಲೆಕ್ಕಗಳೂ ಹಾಗೇ, ಹದ್ದುಮೀರಿದವು. ಪಾತ್ರಗಳ ಮಟ್ಟ 9999ರವರೆಗೆ ಏರುತ್ತದೆ. ಅಲ್ಲಿಗೆ ಹೋದ ಮೇಲೆ ಪುನರ್ಜನ್ಮ ಎತ್ತಿ ಮತ್ತೆ ಒಂದರಿಂದ ಶುರು, ಆದರೆ ಮೊದಲಿಗಿಂತ ಗಟ್ಟಿ. ಕೈಯಲ್ಲಿರುವ ಕತ್ತಿಯ ಒಳಗೇ ಒಂದು ಲೋಕವಿದೆ. ಅದರ ಮಹಡಿಗಳನ್ನು ಒಂದೊಂದಾಗಿ ದಾಟಿದಷ್ಟೂ ಕತ್ತಿ ಹರಿತವಾಗುತ್ತದೆ. ಇಂಥದ್ದಕ್ಕೆ ರಾತ್ರಿಗಳನ್ನು ಸುರಿಯುವವರಿದ್ದಾರೆ. ನನಗೆ ಅಷ್ಟು ತಾಳ್ಮೆಯಿಲ್ಲ.

ಕುಂದೂ ಇದೆ. ನಡುವಿನ ಅಧ್ಯಾಯಗಳಲ್ಲಿ ಕಥೆ ರಬ್ಬರಿನಂತೆ ಎಳೆಯುತ್ತದೆ, ಮೀನಿನ ಮಾತು ಒಮ್ಮೊಮ್ಮೆ ಅತಿಯಾಗುತ್ತದೆ. ಆದರೂ 2021ರ ಆರನೇ ಕಂತಿನಲ್ಲಿ ಯುದ್ಧವನ್ನು ಯಂತ್ರಕ್ಕೇ ಬಿಟ್ಟು ಸುಮ್ಮನೆ ಕೂರುವ ಸೌಲಭ್ಯ ಬಂದಾಗ, ಮಟ್ಟದ ಮಿತಿ 9,99,99,999ಕ್ಕೆ ಏರಿದಾಗ ನನಗೆ ಹಿತವೆನಿಸಿದ್ದು ನಾಲ್ಕನೆಯದೇ. ಹೊಸಬರು ಹಿಂದಿನ ಮೂರನ್ನು ಆಡಿರಬೇಕಾಗಿಲ್ಲ, ಕಥೆ ತನ್ನ ಪಾಡಿಗೆ ತಾನು ನಿಲ್ಲುತ್ತದೆ. 2019ರಲ್ಲಿ ಸ್ವಿಚ್ ಮತ್ತು ಪ್ಲೇಸ್ಟೇಷನ್ 4ಕ್ಕೆ ಬಂದ 'ಕಂಪ್ಲೀಟ್ ಪ್ಲಸ್' ಆವೃತ್ತಿಯಲ್ಲಿ ಆಮೇಲೆ ಸೇರಿಸಿದ ಅಧ್ಯಾಯಗಳೂ ಇವೆ.